ಹದಿನೇಳನೇ ಬಿಂದು

ಕೆಂಪು ಇಳಿಯುತ್ತಿದೆ, ಪರದೆಯ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ, ನೆಟ್‌ವರ್ಕ್ ನಿಧಾನ ಇದ್ದಾಗ ಹೀಗೇ, ಕುರಿ ಕೊಯ್ದ ಕಲ್ಲಿನ ಮೇಲೆ ಕೊಡ ನೀರು ಸುರಿದಾಗ ಹರಡುವ ಹಾಗೆ ಹರಡುತ್ತದೆ, ಎಂಟು ವರ್ಷದಿಂದ ನೋಡುತ್ತಿದ್ದೇನೆ, ಐದು ದಿನಕ್ಕೊಮ್ಮೆ ಉಪಗ್ರಹ ಕೊಪ್ಪಳದ ಮೇಲೆ ಹಾದುಹೋಗುತ್ತದೆ, ಐದು ದಿನಕ್ಕೊಮ್ಮೆ ನಾನು ಈ ಕುರ್ಚಿಯಲ್ಲಿ ಕೂತು ಅದು ಕಳಿಸಿದ್ದನ್ನು ಇಳಿಸಿಕೊಳ್ಳುತ್ತೇನೆ, ಜೀವ ಇರುವ ಹಸಿರೆಲ್ಲ ಇದರಲ್ಲಿ ಕೆಂಪು, ಬತ್ತ ಕೆಂಪು, ಜಾಲಿ ಕೆಂಪು, ಕೆರೆಯಂಚಿನ ಆಪಿನ ಹುಲ್ಲು ಎಲ್ಲಕ್ಕಿಂತ ಗಾಢ ಕೆಂಪು, ಹೊಸದಾಗಿ ಕೆಲಸಕ್ಕೆ ಬಂದವರು ಹೌಹಾರುತ್ತಾರೆ, ಸರ್ ಇದೇನ್ರಿ, ಜಿಲ್ಲಾ ತುಂಬ ರಗತ, ನಾನೇ ನಕ್ಕು ಹೇಳಿಕೊಟ್ಟಿದ್ದೇನೆ, ರಗತ ಅಲ್ಲಪ, ಎಲಿ ನಮ್ಮ ಕಣ್ಣಿಗೆ ಕಾಣದ ಬೆಳಕನ್ನ ಹೊಳ್ಳಿ ಒಗೀತೈತಿ, ಆ ಬೆಳಕಿಗೆ ನಾವು ಕೆಂಪು ಬಣ್ಣ ಹಚ್ಚೀವಿ ಅಷ್ಟ — ಇವತ್ತು ಆ ನಗು ನೆನಪಾದರೆ ನನ್ನ ಬಾಯಿಗೆ ನಾನೇ ಗುದ್ದಿಕೊಳ್ಳಬೇಕು ಅನಿಸುತ್ತದೆ, ಕಾರಟಗಿ ಸುತ್ತಲಿನ ಗದ್ದೆಗಳು ಇಳಿದವು, ಕಾಲುವೆ ಇಳಿಯಿತು, ಗಂಗಾವತಿ ಇಳಿಯಿತು, ಇನ್ನು ಆಪಿನ ಕೆರೆ, ಬೇಡ, ಅಲ್ಲಿಗೇ ನಿಲ್ಲು, ಕರೆಂಟು ಹೋಗಲಿ, ವೈರು ಕಿತ್ತುಬಿಡಲೇ — ಬಂತು. ಕೆಂಪಿನ ನಡುವೆ ಕಪ್ಪು ಚೌಕ, ಗುದ್ದಿ ಹಲ್ಲು ಉದುರಿಸಿದ ಬಾಯಿಯ ಹಾಗೆ, ಎಂಬತ್ತು ಚುಕ್ಕಿ, ಒಂದೊಂದು ಚುಕ್ಕಿಯೂ ಹತ್ತು ಮೀಟರು, ಒಟ್ಟು ಎರಡು ಎಕರೆ, ಬೇರುಸಮೇತ ಕಿತ್ತಿದ್ದಾರೆ, ಚೊಕ್ಕ ಕೆಲಸ, ಈ ಎಂಬತ್ತರಲ್ಲಿ ಯಾವುದೋ ಒಂದು ಚುಕ್ಕಿಯೊಳಗೆ ಮೊನ್ನೆ ಮಂಗಳವಾರ ನಮ್ಮ ಚಿಗವ್ವನ ತೋಳು ಬಿದ್ದಿತ್ತು, ಜೆಸಿಬಿಯ ಹಲ್ಲಿಗೆ ಸಿಕ್ಕಿ ಮೊಣಕೈಯ ಮೇಲೆ ಹರಿದ ಬಲದೋಳು, ಅವಳ ಮಗ ಹನಮಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದನಂತೆ, ಹಚ್ಚಲಿಕ್ಕೆ ಬರುವುದಿಲ್ಲ ಎಂದರಂತೆ. ಉಪಗ್ರಹಕ್ಕೆ ತೋಳು ಕಾಣುವುದಿಲ್ಲ, ಹತ್ತು ಮೀಟರಿಗಿಂತ ಸಣ್ಣದೇನೂ ಅದಕ್ಕೆ ಕಾಣುವುದಿಲ್ಲ.

ಆದರೆ ನನಗೆ ಕಂಡಿತ್ತು, ಅದನ್ನೇ ನುಂಗಲಿಕ್ಕೆ ಆಗುತ್ತಿಲ್ಲ, ಕಂಪ್ಯೂಟರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು — ಕೆರೆಯೊಳಗೆ ಯಾರು ಬತ್ತ ಹಾಕಿದ್ದಾರೆ, ಎಷ್ಟು ಆಪು ಉಳಿದಿದೆ, ಇಷ್ಟನ್ನು ಮೇಲಿನಿಂದ ನೋಡಿ ಹೇಳುವುದು ನಮ್ಮ ಘಟಕದ ಕೆಲಸ, ಆಪೂ ಕೆಂಪು ಬತ್ತವೂ ಕೆಂಪು, ಬೇರೆ ಮಾಡುವುದು ಹೇಗೆ, ವರ್ಷವಿಡೀ ನೋಡಬೇಕು, ಬತ್ತ ಎರಡು ಸಲ ಏರಿ ಎರಡು ಸಲ ಕೊಯ್ಲಿಗೆ ಬಿದ್ದುಹೋಗುತ್ತದೆ, ಆಪು ನಿಂತೇ ಇರುತ್ತದೆ, ಕಂಪ್ಯೂಟರಿಗೆ ನಾನೇ ಕಲಿಸಿದ ಪಾಠ ಇದು, ಬಿದ್ದು ಎದ್ದರೆ ಬತ್ತ, ನೆಟ್ಟಗೆ ಗೆರೆ ಇದ್ದರೆ ಬತ್ತ, ಚೌಕ ಇದ್ದರೆ ಒತ್ತುವರಿ. ಆಪಿನ ಕೆರೆಯಲ್ಲಿ ಚಾಪೆ ಹೆಣೆಯುವವರು ಹಗ್ಗ ಹಿಡಿದು ಅಳೆದು ಮನೆಗೊಂದು ಪಾಲು ಹಾಕಿಕೊಳ್ಳುತ್ತಾರೆ, ಎಳ್ಳಮಾಸಿ ಹಬ್ಬ ಆದ ಮೇಲೆ ಒಂದು ಪಾಲು ಬಿಟ್ಟು ಒಂದು ಪಾಲು ಕೊಯ್ಯುತ್ತಾರೆ, ಬಿಟ್ಟ ಪಾಲಿನಲ್ಲಿ ನೀರುಕೋಳಿ ಮರಿ ಮಾಡಲಿ ಅಂತ, ಕೊಯ್ದದ್ದು ಎರಡು ತಿಂಗಳಲ್ಲಿ ಆಳೆತ್ತರ ಚಿಗುರಿ ಮತ್ತೆ ಕೊಯ್ಲಿಗೆ ಬರುತ್ತದೆ, ಏರುತ್ತದೆ, ಬೀಳುತ್ತದೆ, ಅಂಚು ನೆಟ್ಟಗೆ, ಕಂಪ್ಯೂಟರು ಹೇಳಿತು ಬತ್ತ, ಬಿಂದು ಹದಿನೇಳು, ಎರಡು ಎಕರೆ, ಅಕ್ರಮ. ನಾನು ಆ ಚೌಕ ನೋಡಿದ ಕೂಡಲೇ ತಿಳಿದೆ, ಅದು ಬತ್ತವಲ್ಲ, ಅದು ಚಿಗವ್ವ ಮಾರೆಮ್ಮನ ಪಾಲು, ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ ಪಾಲು, ಆ ಹುಲ್ಲಿನ ಚಾಪೆ ಮಾರಿ ನನಗೆ ಜಾಮೆಟ್ರಿ ಪೆಟ್ಟಿಗೆ ಕೊಡಿಸಿದ ಪಾಲು. ಒಂದು ಗುಂಡಿ ಒತ್ತಿ ಬತ್ತ ತೆಗೆದು ಆಪು ಮಾಡಬಹುದಿತ್ತು, ಆದರೆ ಕಂಪ್ಯೂಟರು ಹೇಳಿದ್ದನ್ನು ಬದಲಿಸಬೇಕಾದರೆ ಸ್ಥಳಕ್ಕೆ ಹೋಗಬೇಕು, ಇಳಿಯಬೇಕು, ಫೋಟೋ ಹೊಡೆಯಬೇಕು, ಅಲ್ಲಿದ್ದವರೊಬ್ಬರ ಹೆಸರು ಹೆಬ್ಬೆಟ್ಟು ತರಬೇಕು, ನಿಯಮ. ಆ ನಿಯಮ ಬರೆದವನೂ ನಾನೇ.

ಮೊಣಕಾಲಿನ ಕೆಳಗೆ ಈ ಗಾಯದ ಗೆರೆ ಇದೆಯಲ್ಲ, ಪ್ಯಾಂಟಿನ ಮೇಲಿಂದಲೇ ಬೆರಳಿಗೆ ಸಿಗುತ್ತದೆ, ಏಳು ವರ್ಷದವನಿದ್ದೆ, ಆಪಿನೊಳಗೆ ಕೂತು ನೀರುಕೋಳಿ ಮೊಟ್ಟೆ ಹುಡುಕುತ್ತಿದ್ದೆ, ಆಪು ಎರಡಾಳು ಎತ್ತರ, ಒಳಗೆ ಹೊಕ್ಕರೆ ಆಕಾಶವೂ ಕಾಣದು, ಎಲೆಯ ಅಂಚು ಕೆನ್ನೆ ಕೊಯ್ಯುತ್ತದೆ, ಜಿಗಳೆ ಹತ್ತುತ್ತವೆ, ಆ ಕಡೆಯಿಂದ ಕೊಯ್ಯುತ್ತ ಬರುವವರಿಗೆ ಈ ಕಡೆ ಇದ್ದವರು ಕಾಣುವುದಿಲ್ಲ, ಸರಕ್ ಸರಕ್ ಎಂದು ಸದ್ದು ಹತ್ತಿರ ಬಂತು, ನಾನು ಸುಮ್ಮನಿದ್ದೆ, ಮೊಟ್ಟೆ ಎರಡು ಸಿಕ್ಕಿದ್ದವು, ಯಾರೋ ಬೀಸಿದ ಕುಡುಗೋಲು ಹುಲ್ಲಿನ ಜೊತೆ ನನ್ನ ಕಾಲನ್ನೂ ಎಳೆಯಿತು, ಮೊದಲು ಉರಿಯಲಿಲ್ಲ, ಬಿಳಿ ಕಂಡಿತು, ಆಮೇಲೆ ನೀರು ಕೆಂಪಾಯಿತು. ಚಿಗವ್ವ ಬಂದವಳು ಕಾಲು ಕಟ್ಟಲಿಲ್ಲ, ಮೊದಲು ಹೊಡೆದಳು, ಕಪಾಳಕ್ಕೆ, ಬಾಯಿಗೆ, ತುಟಿ ಒಡೆದು ರಕ್ತ ಬರುವವರೆಗೆ, ಹೊಡೆಯುತ್ತಲೇ ಅಳುತ್ತಿದ್ದಳು, ಹಾಟ್ಯಾ, ಕೈ ಎತ್ತಬೇಕೋ, ಒಳಗಿದ್ರ ಕೈ ಎತ್ತಬೇಕು ಅಂತ ಎಷ್ಟ ಸರ್ತಿ ಹೇಳೀನಿ, ಕುತಗಿಗೆ ಬಿದ್ದಿದ್ರ ಏನ ಮಾಡತಿದ್ದಿ, ನಿಮ್ಮವ್ವಗ ನಾ ಏನ ಹೇಳ್ಲಿ — ಆಮೇಲೆ ತನ್ನ ಸೀರೆ ಹರಿದು ಕಟ್ಟಿದಳು. ಕೆರೆಯವರ ರೂಢಿ ಅದು, ಆಪಿನೊಳಗೆ ಇದ್ದವರು ಯಾರಾದರೂ ಬರುವ ಸದ್ದು ಕೇಳಿದರೆ ಕುಡುಗೋಲು ಹಿಡಿದ ಕೈಯನ್ನು ತೆನೆಗಳ ಮೇಲಕ್ಕೆ ಎತ್ತಿ ನಿಲ್ಲಬೇಕು, ಇಲ್ಲಿ ಮನುಷ್ಯರಿದ್ದಾರೆ ಎಂದರ್ಥ, ನೋಡಿದವರು ತಾವೂ ಕೈ ಎತ್ತಬೇಕು, ಕಂಡೆ, ನಿನ್ನ ಕಡೆ ಬೀಸುವುದಿಲ್ಲ ಎಂದರ್ಥ, ಆ ಕೈ ಎದ್ದ ಮೇಲೆ ಎಂಥ ಜಗಳ ಇದ್ದವರೂ ಆ ಕಡೆ ಬೀಸುವುದಿಲ್ಲ, ಕೂಗುವ ಅಗತ್ಯವೇ ಇಲ್ಲ. ಕೆರೆಯ ಮೂವತ್ತು ಮನೆಗಳಿಗೆ ಇದು ಗೊತ್ತು, ಹೊರಗೆ ಒಬ್ಬರಿಗೂ ಗೊತ್ತಿಲ್ಲ, ಈ ಕಚೇರಿಯಲ್ಲಿ ನನ್ನೊಬ್ಬನಿಗೆ ಗೊತ್ತು.

ಸ್ಥಳ ಪರಿಶೀಲನೆಗೆ ಹೋದ ದಿನ ಜೀಪಿನಲ್ಲಿ ಮೂವರೇ ಇದ್ದೆವು, ಫಾರೂಕ ಸ್ಟೇರಿಂಗಿನಲ್ಲಿ, ಪಕ್ಕ ನಾನು, ಹಿಂದೆ ಲಕ್ಷ್ಮಣಪ್ಪ ಸಾಹೇಬರು, ನಮ್ಮ ಘಟಕದ ಮುಖ್ಯಸ್ಥರು, ಮಿರ್ಚಿ ಭಜಿಯ ಪೊಟ್ಟಣ ತೊಡೆಯ ಮೇಲೆ ಇಟ್ಟುಕೊಂಡು, ಗೌರೀಶ, ನಿಮ್ಮೂರು ಈ ಕಡೀನ ಏನ್ರಿ, ಅಲ್ರಿ ಸರ್, ಕುಷ್ಟಗಿ ಕಡೆ, ಹೊಲ ಮನಿ ಐತ್ರಿ, ನಾಲಿಗೆ ತಾನೇ ಹೇಳಿತು, ಎಂಟು ವರ್ಷದಿಂದ ಹೇಳಿ ಹೇಳಿ ಕುಷ್ಟಗಿಯ ಆ ಇಲ್ಲದ ಹೊಲದಲ್ಲಿ ನನಗೆ ಎರಡು ಎತ್ತು ಕೂಡ ಇವೆ, ಥೂ. ಕೆರೆ ಏರಿ ಮುಗಿಯುವಲ್ಲಿ ಜೀಪು ನಿಂತಿತು, ಎಡಗಡೆ ಹಿಂದಕ್ಕೆ ಆಪು, ಎಡಗಡೆ ಮುಂದಕ್ಕೆ ಯಾರದೋ ಕಾಲುವೆ ಬತ್ತ, ಇಳಿದರೆ ಐವತ್ತು ಹೆಜ್ಜೆ, ಐವತ್ತು ಹೆಜ್ಜೆ ಹೋದರೆ ಚಿಗವ್ವ ಹುಲ್ಲಿನಿಂದ ಹೊರಗೆ ಬರುತ್ತಾಳೆ, ಮೊಣಕಾಲವರೆಗೆ ಕೆಸರು, ಕಚ್ಚೆ ಕಟ್ಟಿದ ಸೀರೆ, ಬಾಯಲ್ಲಿ ತಂಬಾಕು, ಏ ಗೌರ್ಯಾ, ನನ್ನ ಕೂಸ, ಎಷ್ಟ ಸೊರಗಿದ್ಯೋ ಅಂತ ಕೆಸರುಗೈಯಲ್ಲಿ ಗಲ್ಲ ಹಿಡಿಯುತ್ತಾಳೆ, ಸಾಹೇಬರು ಭಜಿ ಅಗಿಯುವುದನ್ನು ನಿಲ್ಲಿಸಿ ನೋಡುತ್ತಾರೆ — ಆಗ ಕೈ ಎದ್ದಿತು. ಆಪಿನ ಕಂದು ತೆನೆಗಳ ಮೇಲೆ ಒಂದು ಕೈ, ಕುಡುಗೋಲು ಬಿಸಿಲಿಗೆ ಹೊಳೆಯಿತು, ಮೈ ಇಲ್ಲ, ಮುಖ ಇಲ್ಲ, ಬರೀ ಕೈ, ಬಳೆ ಮೂರು, ಫಾರೂಕ ಅಂದ, ಸರ್, ಯಾರೋ ಕೈ ಮಾಡಾಕತ್ತಾರ್ರಿ ಅಲ್ಲಿ, ನಾನು ಅಂದೆ, ಹಕ್ಕಿ ಕಾಯೋರು ಇರಬೇಕು ನಡಿ, ಮೊಬೈಲು ಕಿಟಕಿಯ ಹೊರಗೆ ಚಾಚಿ ಮುಂದಿನ ಬತ್ತದ ಫೋಟೋ ಹೊಡೆದೆ, ಟಪ್, ಬಿಂದು ಹದಿನೇಳು, ಸ್ಥಳ ಪರಿಶೀಲಿಸಲಾಗಿದೆ, ಬೆಳೆ ಬತ್ತ, ಹೆಬ್ಬೆಟ್ಟು ಇಲ್ಲೇ ಮುಂದಿನ ಹಳ್ಳಿಯಲ್ಲಿ ಯಾರದಾದರೂ ಹಾಕಿಸಿದರಾಯಿತು, ಗಾಡಿ ಬಿಡು ಫಾರೂಕ. ಕೈ ಇನ್ನೂ ಮೇಲೆಯೇ ಇತ್ತು, ನಾನು ತಿರುಗಿ ನೋಡಲಿಲ್ಲ, ನಾನು ತಿರುಗಿ ಕೈ ಎತ್ತಲಿಲ್ಲ, ಸಾಹೇಬರು ಕೊಟ್ಟ ಭಜಿ ತಿಂದೆ, ಖಾರ ಇತ್ತು. ಚೆನ್ನಾಗಿತ್ತು ಎಂದೂ ಹೇಳಿದೆ.

ಮಂಗಳವಾರದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಇದೆ, ನಲವತ್ತೊಂದು ಸೆಕೆಂಡು, ನೋಡುವುದಿಲ್ಲ ಎಂದುಕೊಂಡು ಎಷ್ಟು ಸಲ ನೋಡಿದೆನೋ, ಜೆಸಿಬಿ ಏರಿ ಇಳಿಯುತ್ತದೆ, ಗಂಡಸರು ಅಡ್ಡ ನಿಲ್ಲುತ್ತಾರೆ, ಇದು ಬತ್ತ ಅಲ್ರೀ ಯಪ್ಪ, ಆಪು, ನೋಡ್ರಿ, ಕೈಯಾಗ ಹಿಡದು ನೋಡ್ರಿ, ನಕ್ಷಾದಾಗ ಬತ್ತ ಅಂತ ಐತಿ ಸರೀರಿ, ಪೊಲೀಸರ ದನಿ, ಇಲ್ಲಿ ಬಂದು ನೋಡಿದವರು ಯಾರ್ರಿ, ಉಪಗ್ರಹ ನೋಡೈತಿ, ಉಪಗ್ರಹಕ್ಕ ಸುಳ್ಳ ಹೇಳಾಕ ಬರತೈತೇನು, ಲಾಠಿ ಎದ್ದವು, ಹನಮಪ್ಪ, ಚಿಗವ್ವನ ಮಗ, ನನ್ನ ಜೊತೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವನು, ಅವನ ಬಾಯಿಗೆ ಲಾಠಿಯ ತುದಿ ಬಿತ್ತು, ಕೆಸರಿನಲ್ಲಿ ಮೊಣಕಾಲೂರಿ ಅವನು ತನ್ನ ಹಲ್ಲು ಹುಡುಕಿದ, ವಿಡಿಯೋ ಅಲ್ಲಾಡುತ್ತದೆ, ಹೆಂಗಸರು ಚೀರುತ್ತಾರೆ, ಒಳಗ ಮಂದಿ ಅದಾರ, ಒಳಗ ಮಂದಿ ಅದಾರ, ಆಪು ಮುರಿಯುವ ಸದ್ದಿಗೆ ಯಾರಿಗೂ ಕೇಳಿಸುವುದಿಲ್ಲ, ಎರಡಾಳು ಹುಲ್ಲು ಒಮ್ಮೆಗೇ ನೆಲಕ್ಕೆ, ನೀರುಕೋಳಿಗಳು ಹಾರುತ್ತವೆ, ಆಗ ಏಳುತ್ತದೆ, ಮೂವತ್ತೆರಡನೇ ಸೆಕೆಂಡಿಗೆ, ತೆನೆಗಳ ಮೇಲೆ, ಕುಡುಗೋಲು ಹಿಡಿದ ಕೈ. ಓಡಬೇಕಿತ್ತು ಚಿಗವ್ವ, ಮೂರು ಹೆಜ್ಜೆ ಆಚೆ ನೀರಿತ್ತು, ಬೀಳಬೇಕಿತ್ತು, ಅವಳು ಅಲ್ಲಾಡುವುದಿಲ್ಲ, ಕೈ ನೆಟ್ಟಗೆ ನಿಂತಿದೆ, ಕಬ್ಬಿಣದ ಬಾಯಿ ಮೇಲೆ ಹೋಗುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಇಳಿಯುತ್ತದೆ. ಡ್ರೈವರು ಠಾಣೆಯಲ್ಲಿ ಬರೆಸಿದ್ದಾನೆ, ಆ ಹೆಣಮಗಳು ನನ್ನ ಕಡಿಯಾಕ ಕುಡಗೋಲು ಎತ್ತಿದ್ಲುರಿ, ಜೀವಕ್ಕ ಹೆದರಿ ಲಿವರ್ ಎಳದೆ, ಸುಳ್ಳು ಹೇಳುತ್ತಿಲ್ಲ ಅವನು, ಹೆದರಿಯೇ ಎಳೆದಿರುತ್ತಾನೆ, ಅವನನ್ನು ಆ ಸೀಟಿನಿಂದ ಎಳೆದು ಅದೇ ಹಲ್ಲಿನ ಕೆಳಗೆ ಹಾಕಬೇಕು ಎಂದು ಮೂರು ರಾತ್ರಿ ಹಲ್ಲು ಕಡಿದಿದ್ದೇನೆ, ಆದರೆ ಅವನನ್ನು ಅಲ್ಲಿಗೆ ಕಳಿಸಿದ ಚೌಕ ನನ್ನದು, ಎಳೆಯಬೇಕಾದದ್ದು ಈ ಕುರ್ಚಿಯಿಂದ. ಈಗ ಚಿಗವ್ವನ ಮೇಲೆಯೇ ಕೇಸು, ಕೊಲೆ ಯತ್ನ, ಒಂದೇ ಕೈಯ ಹೆಂಗಸು, ವಾರ್ಡಿನ ಬಾಗಿಲಿಗೆ ಪೊಲೀಸರು, ಗಾಯ ಮಾಯ್ದ ದಿನ ಜೈಲಿಗೆ ಒಯ್ಯುತ್ತಾರೆ.

ಗೌರೀಶ, ಬಂತೇನ್ರಿ ಹೊಸಾ ಚಿತ್ರ, ಲಕ್ಷ್ಮಣಪ್ಪ ಸಾಹೇಬರು ಬೆನ್ನ ಹಿಂದೆ ಬಂದು ನಿಂತಿದ್ದಾರೆ, ಬಾಯಲ್ಲಿ ಏಲಕ್ಕಿ, ಭೇಷ್, ಮೊದಲಿಂದು ಈ ಕಡೆ ಹಾಕ್ರಿ, ಈಗಿಂದು ಆ ಕಡೆ, ಕೆಂಪು, ಕರಿ, ನೋಡಿದವರಿಗೆ ತಟ್ಟಂತ ತಿಳೀಬೇಕು, ಮತ್ತ ಆ ಸ್ಥಳ ಪರಿಶೀಲನಾ ಫೋಟೋ ಒಂದ ಜೋಡಸ್ರಿ, ಹದಿನೇಳನೇದ್ದು, ಮಧ್ಯಾಹ್ನದೊಳಗ ಠಾಣೆಗೆ ಮುಟ್ಟಬೇಕು, ಬತ್ತ ಛಲೋ ಬಂದೈತಿ ಅದರಾಗ, ಮೂಲ್ಯಾಗ ಜೀಪಿನ ಕನ್ನಡಿ ಬಂದೈತಲ್ಲ, ಅದನ್ನಷ್ಟ ಕತ್ತರಿಸಿ ಒಗೀರಿ, ಹ್ಞೂಂ ಅಂದೆ, ಎಂಟು ವರ್ಷ ಹ್ಞೂಂ ಅಂದ ಗಂಟಲು ತಾನಾಗಿಯೇ ಅನ್ನುತ್ತದೆ, ಜೇಬಿನಲ್ಲಿ ಮೊಬೈಲು ನಡುಗಿತು, ಹನಮಪ್ಪ, ಹಲ್ಲಿಲ್ಲದ ಬಾಯಿಯ ಮಾತು ಗಾಳಿಯಲ್ಲಿ ಸೋರುತ್ತದೆ, ಗೌರ್ಯಾ, ನೀ ಸರಕಾರದಾಗ ಅದಿ, ನಿನಗ ದೊಡ್ಡ ಮಂದಿ ಗೊತ್ತದಾರ, ಯಾವ ಸೂಳಿಮಗ ಆ ನಕ್ಷಾ ಬರದಾನ ಒಂದೀಟು ತಿಳಕೊಂಡು ಹೇಳು, ಅವನ ಕೈ ಕಡದು ನಾ ಜೇಲಿಗೆ ಹೋಕ್ಕೀನಿ, ಅವ್ವ ಬ್ಯಾಡ, ನಾ ಹೋಕ್ಕೀನಿ — ಚಿಗವ್ವ ಹೆಂಗದಾಳ, ದನಿ ತಗ್ಗಿಸಿ ಕೇಳಿದೆ, ಒಂದ ಸವನ ಅದನ್ನ ಅನ್ನಾಕತ್ಯಾಳೋ, ಅವತ್ತ ಜೀಪು ಬಂದಿತ್ತು, ನಾ ಕೈ ಎತ್ತಿದ್ದೆ, ಜೀಪಿನ್ಯಾಗಿನವರೂ ಕೈ ಎತ್ತಿದ್ರು, ಒಳಗ ಮಂದಿ ಅದಾರಂತ ಅವರಿಗೆ ಗೊತ್ತಿತ್ತು, ಅದಕ್ಕ ನಾ ಮಸೀನು ಬಂದ್ರೂ ಓಡ್ಲಿಲ್ಲ, ಕೈ ಎತ್ತಿ ನಿಂತೆ, ಅವರು ಬೀಸಾಂಗಿಲ್ಲ ಅಂದಕೊಂಡೆ, ಅಂತಾಳ, ಯಾವ ಜೀಪೋ ಏನೋ. ಯಾರೂ ಕೈ ಎತ್ತಲಿಲ್ಲ ಚಿಗವ್ವ, ನಾನಿದ್ದೆನಲ್ಲ, ನನಗೆ ಗೊತ್ತಿಲ್ಲವೇ, ಇಂಜೆಕ್ಷನ್ನಿನ ಅಮಲು ಅದು, ಆಮೇಲೆ ಮಾತಾಡ್ತೀನಿ ಹನಮ, ಸಾಹೇಬ್ರು ಅದಾರ, ಇಟ್ಟುಬಿಟ್ಟೆ.

ಫೋಟೋ ತೆರೆದೆ, ಬತ್ತ, ಬತ್ತ, ಹಸಿರು ಬತ್ತ, ಕಣ್ಣಿಗೆ ಕಾಣುವ ಹಸಿರು, ಕೆಳಗೆ ಬಲಮೂಲೆಯಲ್ಲಿ ಜೀಪಿನ ಕನ್ನಡಿ, ಹೆಬ್ಬೆರಳಷ್ಟು, ಅದನ್ನು ಬಿಟ್ಟು ಗೆರೆ ಎಳೆದರೆ ಮುಗಿಯಿತು, ಕತ್ತರಿಯ ಚಿತ್ರ ಒತ್ತಿದೆ, ಚೌಕ ಬಂತು, ಎಳೆದೆ, ಕನ್ನಡಿಯಲ್ಲಿ ಏನೋ ಮಿನುಗಿತು, ದೊಡ್ಡದು ಮಾಡಿದೆ, ಇನ್ನೂ ದೊಡ್ಡದು — ಆಪು, ಕನ್ನಡಿಯೊಳಗೆ ಹಿಂದಿನ ಆಪು, ಕಂದು ತೆನೆಗಳು, ಅವುಗಳ ಮೇಲೆ ಕೈ, ಕುಡುಗೋಲು, ಬಳೆ ಮೂರು. ಇದು ಸಾಕಲ್ಲ, ಇದೊಂದು ಸಾಕು, ಕೆರೆಯಲ್ಲಿ ಇದ್ದದ್ದು ಆಪು, ಕುಡುಗೋಲು ಎದ್ದದ್ದು ಯಾರನ್ನೂ ಕಡಿಯಲಿಕ್ಕಲ್ಲ, ಸುಮ್ಮನೆ ನಿಂತ ಜೀಪು ಕಂಡರೂ ಆ ಕೈ ಹೀಗೇ ಏಳುತ್ತದೆ, ಇದನ್ನು ಜಡ್ಜ್ ನೋಡಿದರೆ ಚಿಗವ್ವ ಮನೆಗೆ ಹೋಗುತ್ತಾಳೆ, ನಾನು ಮನೆಗೆ ಹೋಗುತ್ತೇನೆ, ನೌಕರಿ ಇಲ್ಲದೆ, ಹನಮಪ್ಪನ ಕುಡುಗೋಲಿನ ಎದುರಿಗೆ, ಗೆರೆ ಅವಳ ಮೊಣಕೈಯ ಮೇಲೆ ನಿಂತಿದೆ, ಸರಿಯಾಗಿ ಅಲ್ಲೇ, ಒತ್ತು, ಇನ್ನೊಂದು ಸಲ ಕಡಿ, ಈ ಸಲ ನಿನ್ನ ಬೆರಳಿನಿಂದಲೇ ಕಡಿ, ಆತೇನ್ರಿ ಗೌರೀಶ, ಆತ್ರಿ ಸರ್, ಒಂದ ನಿಮಿಷ — ಕನ್ನಡಿಯ ಈ ಕಡೆ ಅಂಚಿಗೆ ಅದೇನು, ಜೀಪಿನ ಬಾಗಿಲು, ನೀಲಿ ತೋಳಂಗಿ, ಅದು ನನ್ನ ಅಂಗಿ, ಕಿಟಕಿಯಿಂದ ಹೊರಗೆ ಚಾಚಿ, ತಲೆಯ ಮೇಲಕ್ಕೆ, ನೆಟ್ಟಗೆ, ಬಿಸಿಲಿಗೆ ಹೊಳೆಯುವ ಮೊಬೈಲು ಹಿಡಿದು, ಕೈ. ನನ್ನ ಕೈ. ಎತ್ತಿದ್ದೆ. ಐವತ್ತು ಹೆಜ್ಜೆ ದೂರದಿಂದ, ತೆನೆಗಳ ಸಂದಿನಿಂದ, ಅವಳಿಗೆ ಕಂಡದ್ದು ಇದು, ಅಮಲಲ್ಲ, ಕಂಡೆ, ನಿನ್ನ ಕಡೆ ಬೀಸುವುದಿಲ್ಲ, ಎಂದು ನನ್ನ ಕೈ ಹೇಳಿದೆ, ಅವಳು ನಂಬಿ ನಿಂತಳು, ಸರ್, ಅಂದೆ, ಗಂಟಲು ಯಾರದೋ, ಸರ್, ಅದು ಬತ್ತ ಅಲ್ರಿ, ಆಪು, ನಾ ಬೇಕಂತನ ಇಳದಿಲ್ರಿ ಅವತ್ತ, ಆಕಿ ನಮ್ಮ ಚಿಗವ್ವರಿ, ಏನಂದ್ರಿ, ಏಲಕ್ಕಿ ಅಗಿಯುವ ಸದ್ದು ನಿಂತಿದೆ, ನಾನು ತಿರುಗುವುದಿಲ್ಲ, ಮೌಸಿನ ಮೇಲಿಂದ ಬೆರಳು ತೆಗೆದಿದ್ದೇನೆ, ಹೆಬ್ಬೆರಳಷ್ಟು ಕನ್ನಡಿ ಪರದೆ ತುಂಬ ಇದೆ, ಅಲ್ಲಿ ಕುಡುಗೋಲಿನ ಕೈ, ಇಲ್ಲಿ ಮೊಬೈಲಿನ ಕೈ, ಎರಡೂ ಮೇಲೆ, ನಡುವೆ ಆಪು, ಅವಳ ಕೈ ಎತ್ತಿದೆ, ನನ್ನ ಕೈ ಎತ್ತಿದೆ, ಬಳೆ ಮೂರು, ಅವಳು ಎತ್ತಿದ್ದಾಳೆ, ಎತ್ತಿಯೇ ಇದ್ದಾಳೆ, ಕೈ, ಕೈ